ಒಳಗಿನ ಸರ್ವರ್‌ಗೆ ನಮ್ಮದೇ ಕಾವಲು: ಅಪ್‌ಟೈಮ್ ಕೂಮಾ, ಜ್ಯಾಬಿಕ್ಸ್, ಪ್ರೊಮೀಥಿಯಸ್ – ಯಾರಿಗೆ ಯಾವುದು?

ಕಾಸರಗೋಡಿನ ಕಡೆ ಈಗ ಸಣ್ಣ ಪೇಟೆಗಳಲ್ಲೂ ಸ್ವಂತ ಸರ್ವರ್ ಇಟ್ಟುಕೊಂಡವರು ಸಿಗುತ್ತಾರೆ. ಕ್ಲಿನಿಕ್‌ನ ಬಿಲ್ಲಿಂಗ್ ಯಂತ್ರ, ಸೊಸೈಟಿಯ ಫೈಲ್ ಸರ್ವರ್, ಶಾಲೆಯ ಲ್ಯಾಬ್, ಅಡಿಕೆ ಮಂಡಿಯ ಸಿಸಿಟಿವಿ ರೆಕಾರ್ಡರ್, ಹೀಗೆ. ಇವೆಲ್ಲ ಒಳಗಿನ ನೆಟ್‌ವರ್ಕ್‌ನಲ್ಲೇ ಇರುತ್ತವೆ. ವಿಳಾಸ 192.168 ಅಂತಲೋ 10 ಅಂತಲೋ ಶುರುವಾಗುತ್ತದೆ. ಇಂಥ ವಿಳಾಸ ಹೊರಗಿನ ಇಂಟರ್ನೆಟ್‌ಗೆ ಕಾಣುವುದೇ ಇಲ್ಲ. ಹಾಗಾಗಿ ‘ನಿಮ್ಮ ವೆಬ್‌ಸೈಟ್ ನೋಡಿಕೊಳ್ಳುತ್ತೇವೆ’ ಅನ್ನುವ ರೆಡಿಮೇಡ್ ಸೇವೆಗಳು ಇಲ್ಲಿ ಸಾಲುವುದಿಲ್ಲ. ಸರ್ವರ್ ಬಿದ್ದರೆ ಸುದ್ದಿ ಕೊಡುವ ಕಾವಲುಗಾರ ಸಾಫ್ಟ್‌ವೇರನ್ನು ನಾವೇ ಒಳಗೆ ಕೂರಿಸಬೇಕು.

ಅದಕ್ಕೆ ಉಚಿತ ಸಾಫ್ಟ್‌ವೇರ್ ಬೇಕಾದಷ್ಟಿದೆ. ಕಷ್ಟ ಇರುವುದೇ ಅಲ್ಲಿ. ಒಬ್ಬರು ಕೂಮಾ ಸಾಕು ಅಂತಾರೆ. ಇನ್ನೊಬ್ಬರು ಜ್ಯಾಬಿಕ್ಸ್ ಹಾಕದಿದ್ದರೆ ಕೆಲಸವೇ ಅಲ್ಲ ಅಂತಾರೆ. ಮತ್ತೊಬ್ಬರು ಪ್ರೊಮೀಥಿಯಸ್ ಕೂಡಿಟ್ಟ ಅಂಕಿಗಳನ್ನು ಚಿತ್ರವಾಗಿಸುವ ಗ್ರಫಾನಾದ ಚೆಂದದ ಪರದೆ ತೋರಿಸುತ್ತಾರೆ. ಮೂರೂ ಒಳ್ಳೆಯವೇ. ಆದರೆ ಕರೆಂಟು, ಫೈಬರು ಎರಡೂ ಮಳೆಗಾಲದಲ್ಲಿ ಕೈಕೊಡುವ ನಮ್ಮ ಊರಿಗೆ ಆರಿಸುವಾಗ ಅಳತೆಗೋಲು ಸ್ವಲ್ಪ ಬೇರೆ ಇರಬೇಕು. ಡ್ಯಾಶ್‌ಬೋರ್ಡ್ ಎಷ್ಟು ಚೆಂದ ಅನ್ನುವುದಕ್ಕಿಂತ, ಲೈನು ಕಡಿದ ಹೊತ್ತಿನಲ್ಲಿ ಅದು ಏನು ಮಾಡುತ್ತದೆ ಅನ್ನುವುದು ದೊಡ್ಡದು.

ಮೊದಲು ಕೇಳಿಕೊಳ್ಳಬೇಕಾದದ್ದು

ನಿಮಗೆ ಯಾವ ಪ್ರಶ್ನೆಗೆ ಉತ್ತರ ಬೇಕು? ‘ಇದೆಯೋ, ಬಿದ್ದಿದೆಯೋ’ ಅನ್ನುವುದು ಒಂದು ಪ್ರಶ್ನೆ. ‘ಯಾಕೆ ನಿಧಾನವಾಯಿತು, ಡಿಸ್ಕ್ ಯಾವಾಗ ತುಂಬುತ್ತದೆ’ ಅನ್ನುವುದು ಇನ್ನೊಂದು. ‘ಯಾವ ನೆಟ್‌ವರ್ಕ್ ಸ್ವಿಚ್ಚಿನ ಯಾವ ಪೋರ್ಟ್ ಸತ್ತಿದೆ’ ಅನ್ನುವುದು ಮೂರನೆಯದು. ಮೂರಕ್ಕೂ ಒಂದೇ ಸಾಫ್ಟ್‌ವೇರ್ ಅಂತ ಹೊರಟರೆ ಸುಮ್ನೆ ಭಾರ ಹೊತ್ತ ಹಾಗಾಗುತ್ತದೆ.

ಸಂಪರ್ಕ ಯಾವ ದಿಕ್ಕಿನಿಂದ ಶುರುವಾಗುತ್ತದೆ ಅನ್ನುವುದು ಎರಡನೆಯ ಅಳತೆ. ಕೇಂದ್ರದ ಯಂತ್ರವೇ ಪ್ರತಿ ಸರ್ವರ್‌ನ ಬಾಗಿಲು ತಟ್ಟಿ ಕೇಳುವುದು ಒಂದು ರೀತಿ. ಸರ್ವರ್‌ಗಳೇ ಕೇಂದ್ರಕ್ಕೆ ವರದಿ ಕಳಿಸುವುದು ಇನ್ನೊಂದು ರೀತಿ. ಒಂದೇ ಕಟ್ಟಡದೊಳಗೆ ಎರಡೂ ನಡೆಯುತ್ತದೆ. ಆದರೆ ಮುಖ್ಯ ಕಚೇರಿ ಕುಂಬಳೆಯಲ್ಲಿ, ಶಾಖೆ ಪೆರ್ಲದಲ್ಲಿ ಇದ್ದರೆ ಕಥೆ ಬೇರೆ. ಮನೆ-ಅಂಗಡಿಯ ಫೈಬರ್ ಸಂಪರ್ಕಗಳಲ್ಲಿ ಅನೇಕ ಗ್ರಾಹಕರಿಗೆ ಒಂದೇ ಸಾರ್ವಜನಿಕ ವಿಳಾಸ ಹಂಚುವುದು ಸಾಮಾನ್ಯ. ನಿಮ್ಮ ರೌಟರ್‌ಗೆ 100.64ರಿಂದ 100.127ರ ಒಳಗಿನ ವಿಳಾಸ ಬಂದಿದ್ದರೆ ನೀವೂ ಆ ಗುಂಪಿನಲ್ಲಿದ್ದೀರಿ. ಆಗ ಹೊರಗಿನಿಂದ ಒಳಗೆ ಬರಲು ಆಗುವುದಿಲ್ಲ, ಒಳಗಿನಿಂದ ಹೊರಗೆ ಹೋಗಲು ಮಾತ್ರ ಆಗುತ್ತದೆ.

ಮೂರನೆಯದು, ಲೈನು ಕಡಿದಾಗ ಆ ಹೊತ್ತಿನ ಲೆಕ್ಕ ಎಲ್ಲಿ ಉಳಿಯುತ್ತದೆ? ಶಾಖೆಯಲ್ಲಿ ಯಾರಾದರೂ ಅದನ್ನು ಕೂಡಿಟ್ಟುಕೊಂಡು ಆಮೇಲೆ ಕಳಿಸುತ್ತಾರೋ, ಇಲ್ಲ ಹೋದದ್ದು ಹೋಯಿತೋ?

ಕೊನೆಯದು ಮನುಷ್ಯರ ಪ್ರಶ್ನೆ. ನೀವು ಊರಲ್ಲಿಲ್ಲದಾಗ ಇದನ್ನು ಯಾರು ನೋಡಿಕೊಳ್ಳುತ್ತಾರೆ? ಈ ವಿಷಯದಲ್ಲಿ ನಮ್ಮ ಜಿಲ್ಲೆಗೆ ಒಂದು ಅನುಕೂಲ ಇದೆ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಕೈಟ್ ಸಂಸ್ಥೆ ಕೊಡುವ ಉಬುಂಟು ಲಿನಕ್ಸ್ ಆಧಾರಿತ ವ್ಯವಸ್ಥೆಯಲ್ಲೇ ಮಕ್ಕಳು ಕಂಪ್ಯೂಟರ್ ಕಲಿಯುತ್ತಾರೆ, ಕನ್ನಡ ಮಾಧ್ಯಮದವರೂ ಕೂಡ. ಹಾಗಾಗಿ ಲಿನಕ್ಸ್ ಅಂದರೆ ಹೆದರದ ಹುಡುಗ ಹುಡುಗಿಯರು ಇಲ್ಲಿ ಸಿಗುತ್ತಾರೆ. ಆದರೂ ಟರ್ಮಿನಲ್ ತೆರೆಯಲು ಬರುವುದು ಒಂದು, ಡೇಟಾಬೇಸ್ ರಿಪೇರಿ ಮಾಡುವುದು ಇನ್ನೊಂದು.

ಅಪ್‌ಟೈಮ್ ಕೂಮಾ: ಇದೆಯೋ ಇಲ್ಲವೋ ಅಷ್ಟೇ

2021ರಲ್ಲಿ ಹೊರಬಂದ ಇದು ಬೇಗ ಜನಪ್ರಿಯವಾಯಿತು. ಕಾರಣ ಸರಳ. ಡಾಕರ್ (ಪ್ರೋಗ್ರಾಂಗಳನ್ನು ಕಂಟೇನರ್ ಅನ್ನುವ ಸಿದ್ಧ ಪೊಟ್ಟಣದಲ್ಲಿ ಓಡಿಸುವ ಸಾಫ್ಟ್‌ವೇರ್) ಇರುವ ಯಂತ್ರದಲ್ಲಿ ಒಂದು ಕಂಟೇನರ್ ಓಡಿಸಿ, ಬ್ರೌಸರ್‌ನಲ್ಲಿ 3001ನೇ ಪೋರ್ಟ್ (ಯಂತ್ರದ ಒಂದೊಂದು ಸೇವೆಗೂ ಇರುವ ಬಾಗಿಲಿನ ಸಂಖ್ಯೆ) ತೆರೆದು, ಪಾಸ್‌ವರ್ಡ್ ಇಟ್ಟರೆ ಮುಗಿಯಿತು. ಪಿಂಗ್ (‘ಇದ್ದೀಯಾ’ ಅನ್ನುವ ಚಿಕ್ಕ ಕರೆ), ಪೋರ್ಟ್, ವೆಬ್ ಪುಟ, ಡಿಎನ್‌ಎಸ್ (ಹೆಸರಿನಿಂದ ವಿಳಾಸ ಹುಡುಕಿಕೊಡುವ ವ್ಯವಸ್ಥೆ), ವೆಬ್ ಪುಟದ ಎಚ್‌ಟಿಟಿಪಿಎಸ್ ಪ್ರಮಾಣಪತ್ರದ ಅವಧಿ, ಎಲ್ಲವನ್ನೂ ಫಾರ್ಮ್ ತುಂಬಿ ಸೇರಿಸಬಹುದು. 20 ಸೆಕೆಂಡಿಗೊಮ್ಮೆ ಬೇಕಾದರೂ ತಪಾಸಣೆ ಮಾಡುತ್ತದೆ. ಟೆಲಿಗ್ರಾಂ, ಇಮೇಲ್ ಸೇರಿ ಸುದ್ದಿ ಕಳಿಸುವ ದಾರಿಗಳು ಹತ್ತಾರು. ಕೆಲವು ನೂರು ಎಂಬಿ ಮೆಮೊರಿ ಸಾಕು.

ಪ್ರಮಾಣಪತ್ರದ ಮಾತು ಬಂತು, ಒಂದು ವಿಷಯ ಹೇಳಿಬಿಡುತ್ತೇನೆ. ಉಚಿತವಾಗಿ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನವರು ಅವಧಿ ಮುಗಿಯುವ ಮೊದಲು ಕಳಿಸುತ್ತಿದ್ದ ಇಮೇಲ್ ಅನ್ನು 2025ರ ಜೂನ್‌ನಲ್ಲಿ ನಿಲ್ಲಿಸಿದರು. ಒಳಗಿನ ಸರ್ವರ್‌ಗೆ ಡಿಎನ್‌ಎಸ್ ಮೂಲಕ ಪ್ರಮಾಣಪತ್ರ ಪಡೆದವರು ಇನ್ನು ಆ ಇಮೇಲನ್ನು ನಂಬಿ ಕೂರುವ ಹಾಗಿಲ್ಲ. ಕೂಮಾದಲ್ಲಿ ಆ ಎಚ್ಚರಿಕೆಯನ್ನು ಆನ್ ಮಾಡಿಟ್ಟುಕೊಳ್ಳಿ.

ಕೊರತೆ ಏನು? ಸರ್ವರ್‌ನ ಒಳಗೆ ಏನಾಗುತ್ತಿದೆ ಅನ್ನುವುದು ಇದಕ್ಕೆ ಗೊತ್ತಾಗುವುದಿಲ್ಲ. ಡಿಸ್ಕ್ ಶೇಕಡಾ 95 ತುಂಬಿದ್ದರೂ ಪಿಂಗ್ ಉತ್ತರ ಕೊಡುತ್ತಲೇ ಇರುತ್ತದೆ, ಕೂಮಾ ಹಸಿರು ತೋರಿಸುತ್ತಲೇ ಇರುತ್ತದೆ. ಇದಕ್ಕೊಂದು ಉಪಾಯ ಇದೆ. ಕೂಮಾದಲ್ಲಿ ‘ಪುಶ್’ ಅನ್ನುವ ಬಗೆಯ ಮಾನಿಟರ್ ಮಾಡಿದರೆ ಒಂದು ಕೊಂಡಿ ಸಿಗುತ್ತದೆ. ರಾತ್ರಿ ಬ್ಯಾಕಪ್ ಸರಿಯಾಗಿ ಮುಗಿದರೆ ಮಾತ್ರ ಆ ಕೊಂಡಿಯನ್ನು ಕರೆಯುವ ಒಂದು ಸಾಲನ್ನು ಬ್ಯಾಕಪ್ ಸ್ಕ್ರಿಪ್ಟಿನ ಕೊನೆಗೆ ಹಾಕಿ. ಕರೆ ಬರಲಿಲ್ಲವೆಂದರೆ ಅಲರ್ಟ್ ಬರುತ್ತದೆ. ಬ್ಯಾಕಪ್ ಆಗುತ್ತಿದೆ ಅಂದುಕೊಂಡು ತಿಂಗಳುಗಟ್ಟಲೆ ಆಗದೇ ಇರುವುದಕ್ಕಿಂತ ದೊಡ್ಡ ಅಪಾಯ ಸಣ್ಣ ಕಚೇರಿಗೆ ಇನ್ನೊಂದಿಲ್ಲ. ಕೂಮಾದಲ್ಲಿ ಬೇರೇನೂ ಬೇಡ, ಇದೊಂದಕ್ಕಾಗಿಯೇ ಹಾಕಿಕೊಂಡರೂ ಲಾಭ.

ಹತ್ತಾರು ಸರ್ವರ್ ಆದಮೇಲೆ ಒಂದೊಂದನ್ನೂ ಕೈಯಲ್ಲೇ ಸೇರಿಸುವುದು ಬೇಸರದ ಕೆಲಸ. ಎಲ್ಲ ಸೆಟ್ಟಿಂಗ್ ಡೇಟಾಬೇಸ್‌ನೊಳಗೆ ಇರುವುದರಿಂದ ಆ ಡೇಟಾಬೇಸ್ ಇರುವ ಫೋಲ್ಡರನ್ನೂ ಬ್ಯಾಕಪ್‌ಗೆ ಸೇರಿಸಬೇಕು. ಅದು ಯಂತ್ರದ ಸ್ವಂತ ಡಿಸ್ಕ್‌ನಲ್ಲೇ ಇರಲಿ, ನೆಟ್‌ವರ್ಕ್ ಮೂಲಕ ಹಂಚಿದ (ಎನ್‌ಎಫ್‌ಎಸ್) ಫೋಲ್ಡರಿನಲ್ಲಿ ಇಡಬೇಡಿ.

ಜ್ಯಾಬಿಕ್ಸ್: ಶಾಖೆಗಳು ಇರುವವರಿಗೆ

ಲಾಟ್ವಿಯಾದ ಅಲೆಕ್ಸೈ ವ್ಲಾಡಿಶೆವ್ ಶುರುಮಾಡಿದ ಯೋಜನೆ ಇದು. ಮೊದಲು ಸಾರ್ವಜನಿಕರಿಗೆ ಸಿಕ್ಕಿದ್ದು 2001ರಲ್ಲಿ. ಹಳೆಯದು, ಗಟ್ಟಿ, ಸ್ವಲ್ಪ ಭಾರ. ಸರ್ವರ್, ಡೇಟಾಬೇಸ್, ವೆಬ್ ಮುಖ ಮೂರನ್ನೂ ನಡೆಸಬೇಕು. ಸಣ್ಣ ಅಳವಡಿಕೆಗೂ 2 ಕೋರ್, 8 ಜಿಬಿ ಮೆಮೊರಿ ಅಂತ ಅವರ ಕೈಪಿಡಿ ಸೂಚಿಸುತ್ತದೆ. ನಾಲ್ಕೈದು ಯಂತ್ರ ಮಾತ್ರ ಇದ್ದರೆ ಅದಕ್ಕಿಂತ ಕಡಿಮೆಯಲ್ಲೂ ಓಡುತ್ತದೆ. ಆದರೆ ಡೇಟಾಬೇಸ್ ಬೆಳೆಯುತ್ತಾ ಹೋಗುತ್ತದೆ ಅನ್ನುವುದನ್ನು ಮರೆಯಬಾರದು.

ಪ್ರತಿ ಸರ್ವರ್‌ನಲ್ಲಿ ಒಂದು ಏಜೆಂಟ್, ಅಂದರೆ ಒಳಗಿನ ಲೆಕ್ಕ ಹೇಳುವ ಚಿಕ್ಕ ಪ್ರೋಗ್ರಾಂ ಹಾಕುತ್ತೀರಿ. ಕೇಂದ್ರ ಬಂದು ಕೇಳುವುದಾದರೆ ಏಜೆಂಟ್‌ನ 10050 ಪೋರ್ಟ್ ತೆರೆದಿರಬೇಕು. ಏಜೆಂಟೇ ಕಳಿಸುವುದಾದರೆ ಅದು ಕೇಂದ್ರದ 10051ಕ್ಕೆ ಹೋಗುತ್ತದೆ. ಎರಡು ದಿಕ್ಕೂ ಸಾಧ್ಯ. ಏಜೆಂಟ್ ಹಾಕಲಾಗದ ಸ್ವಿಚ್, ಪ್ರಿಂಟರ್, ಯುಪಿಎಸ್‌ಗಳನ್ನು ಎಸ್‌ಎನ್‌ಎಂಪಿ (ನೆಟ್‌ವರ್ಕ್ ಸಾಧನಗಳ ಸ್ಥಿತಿ ಕೇಳುವ ಸಾಮಾನ್ಯ ವಿಧಾನ) ಮೂಲಕ ಕೇಳುತ್ತದೆ. ಮೈಕ್ರೋಟಿಕ್ ರೌಟರ್, ಎಪಿಸಿ ಯುಪಿಎಸ್ ಮುಂತಾದವಕ್ಕೆ ಸಿದ್ಧ ಟೆಂಪ್ಲೇಟ್‌ಗಳಿವೆ. ಯುಪಿಎಸ್‌ನ ಮೇಲೆ ಕಣ್ಣಿಡುವುದು ನಮ್ಮಲ್ಲಿ ಐಷಾರಾಮ ಏನಲ್ಲ. ಮುಖ್ಯ ಲೈನು ಹೋಯಿತೋ, ಯಂತ್ರವೇ ಕೆಟ್ಟಿತೋ ಅನ್ನುವುದು ಅದರಿಂದಲೇ ಮೊದಲು ತಿಳಿಯುವುದು.

ಇದರ ದೊಡ್ಡ ಗುಣ ಪ್ರಾಕ್ಸಿ. ಪೆರ್ಲದ ಶಾಖೆಯಲ್ಲಿ ಒಂದು ಪುಟ್ಟ ಯಂತ್ರದಲ್ಲಿ ಪ್ರಾಕ್ಸಿ ಇಟ್ಟರೆ, ಅದೇ ಅಲ್ಲಿನ ಎಲ್ಲವನ್ನೂ ವಿಚಾರಿಸಿಕೊಂಡು ಒಟ್ಟು ಮಾಡಿ ಕೇಂದ್ರಕ್ಕೆ ಕಳಿಸುತ್ತದೆ. ಒಳಗಿನಿಂದ ಹೊರಗೆ ಹೋಗುವ ಒಂದೇ ಸಂಪರ್ಕ ಸಾಕು. ಫೈಬರ್ ಕಡಿದರೆ ಲೆಕ್ಕವನ್ನು ತನ್ನಲ್ಲೇ ಇಟ್ಟುಕೊಂಡು, ಲೈನು ಬಂದಮೇಲೆ ಒಪ್ಪಿಸುತ್ತದೆ. ಆದರೆ ಇಲ್ಲಿ ಒಂದು ಸೂಕ್ಷ್ಮ ಇದೆ. ಹಾಗೆ ಇಟ್ಟುಕೊಳ್ಳುವ ಅವಧಿ ಮೊದಲಿಗೆ 1 ಗಂಟೆ ಮಾತ್ರ ಇರುತ್ತದೆ. ಪ್ರಾಕ್ಸಿಯ ಸೆಟ್ಟಿಂಗ್ ಫೈಲಿನಲ್ಲಿ ಅದನ್ನು 720 ಗಂಟೆಯವರೆಗೆ, ಅಂದರೆ 30 ದಿನದವರೆಗೆ ಏರಿಸಬಹುದು. ಜೂನ್‌ನಲ್ಲಿ ಗಾಳಿಮಳೆಗೆ ಮರ ಬಿದ್ದು ಫೈಬರ್ ಕಡಿದರೆ ಒಂದು ಗಂಟೆಯಲ್ಲಿ ಸರಿಯಾಗುವುದು ಅಪರೂಪ, ಅಲ್ವಾ? ಕನಿಷ್ಠ ಮೂರು ದಿನ, 72 ಗಂಟೆ ಇಡಿ.

ಇನ್ನೊಂದು ಗುಣ ಅವಲಂಬನೆ ಹೇಳಿಕೊಡುವುದು. ಶಾಖೆಯ ರೌಟರ್ ಬಿದ್ದರೆ ಅದರ ಹಿಂದಿನ ಹನ್ನೆರಡು ಯಂತ್ರಗಳಿಗೆ ಹನ್ನೆರಡು ಅಲರ್ಟ್ ಬರುವುದು ಬೇಡ, ರೌಟರ್‌ನದ್ದು ಮಾತ್ರ ಸಾಕು ಅಂತ ಹೇಳಬಹುದು. ರಾತ್ರಿ ಎರಡು ಗಂಟೆಗೆ ಫೋನು ಹನ್ನೆರಡು ಸಲ ಬಡಿದುಕೊಂಡರೆ ಮರುದಿನ ಯಾರಾದರೂ ಅಲರ್ಟನ್ನೇ ಮ್ಯೂಟ್ ಮಾಡುತ್ತಾರೆ. ಅಲ್ಲಿಗೆ ಕಾವಲು ಮುಗಿಯಿತು.

ಕಲಿಯಲು ಸಮಯ ಬೇಕು. ಐಟಂ (ಏನನ್ನು ಅಳೆಯುವುದು), ಟ್ರಿಗರ್ (ಯಾವಾಗ ತೊಂದರೆ ಅನ್ನುವುದು), ಆಕ್ಷನ್ (ಆಗ ಏನು ಮಾಡುವುದು) ಅಂತ ಮೂರು ಪದರ ಅರ್ಥವಾಗುವವರೆಗೆ ಗೊಂದಲ ಇರುತ್ತದೆ. ಹಾಕಿದ ತಕ್ಷಣ ಮೊದಲ ಪಾಸ್‌ವರ್ಡ್ ಬದಲಾಯಿಸಿ, ಅದು ಲೋಕಕ್ಕೆಲ್ಲ ಗೊತ್ತಿರುವ ಪಾಸ್‌ವರ್ಡ್.

ಪ್ರೊಮೀಥಿಯಸ್ ಮತ್ತು ಗ್ರಫಾನಾ: ಬರೆಯಲು ಬರುವವರಿಗೆ

ಸೌಂಡ್‌ಕ್ಲೌಡ್ ಕಂಪನಿಯಲ್ಲಿ 2012ರಲ್ಲಿ ಶುರುವಾದ ಪ್ರೊಮೀಥಿಯಸ್, 2016ರಲ್ಲಿ ಕಂಟೇನರ್‌ಗಳನ್ನು ನಿರ್ವಹಿಸುವ ಕುಬರ್ನೆಟೀಸ್ ಇರುವ ಅದೇ ಪ್ರತಿಷ್ಠಾನಕ್ಕೆ ಎರಡನೇ ಯೋಜನೆಯಾಗಿ ಸೇರಿತು. ಇದರ ಸ್ವಭಾವ ಬೇರೆ. ಪ್ರತಿ ಸರ್ವರ್‌ನಲ್ಲಿ ನೋಡ್ ಎಕ್ಸ್‌ಪೋರ್ಟರ್ ಅನ್ನುವ ಚಿಕ್ಕ ಪ್ರೋಗ್ರಾಂ 9100ನೇ ಪೋರ್ಟ್‌ನಲ್ಲಿ ಅಂಕಿಗಳನ್ನು ತೋರಿಸುತ್ತದೆ. ಪ್ರೊಮೀಥಿಯಸ್ ಬಂದು ಎತ್ತಿಕೊಂಡು ಹೋಗುತ್ತದೆ. ಎಲ್ಲ ಸೆಟ್ಟಿಂಗ್ ಪಠ್ಯದ ಫೈಲಿನಲ್ಲಿ ಇರುತ್ತದೆ. ಫೈಲಿನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಇಟ್ಟುಕೊಳ್ಳಬಹುದು, ಯಂತ್ರ ಸುಟ್ಟರೂ ಬೇರೆ ಯಂತ್ರದಲ್ಲಿ ಬೇಗ ಎಬ್ಬಿಸಬಹುದು. ಸಿಡಿಲಿನ ನಾಡಿನಲ್ಲಿ ಇದು ಸಣ್ಣ ವಿಷಯ ಅಲ್ಲ.

ಇದರ ಪ್ರಶ್ನೆ ಕೇಳುವ ಭಾಷೆ ಕಲಿತರೆ ‘ಈಗಿನ ವೇಗದಲ್ಲಿ ತುಂಬಿದರೆ ನಾಲ್ಕು ದಿನದಲ್ಲಿ ಡಿಸ್ಕ್‌ನಲ್ಲಿ ಜಾಗ ಉಳಿಯುವುದಿಲ್ಲ’ ಅನ್ನುವುದನ್ನು ಮೊದಲೇ ಹೇಳಿಸಬಹುದು. ಸಿಸಿಟಿವಿ ದೃಶ್ಯ ಉಳಿಸುವ ಸರ್ವರ್ ಇದ್ದರೆ ಇದರ ಬೆಲೆ ತಿಳಿಯುತ್ತದೆ.

ಜಾಗದ ಲೆಕ್ಕ ಹೆದರುವಷ್ಟಿಲ್ಲ. ಒಂದು ಅಂಕಿಗೆ 1ರಿಂದ 2 ಬೈಟ್ ಸಾಕು. 10 ಸರ್ವರ್, ಒಂದೊಂದರಿಂದ ಸುಮಾರು 1,000 ಅಂಕಿ, ನಿಮಿಷಕ್ಕೊಮ್ಮೆ ಅಂದರೆ ದಿನಕ್ಕೆ 1.44 ಕೋಟಿ ಅಂಕಿ. ಜಾಸ್ತಿ ಅಂದರೆ 29 ಎಂಬಿ ಆಯಿತು. ಒಂದು ವರ್ಷಕ್ಕೆ ಹತ್ತೂವರೆ ಜಿಬಿ. ಆದರೆ ನೀವು ಬೇರೆ ಹೇಳದಿದ್ದರೆ ಇದು 15 ದಿನದ್ದನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಹೋದ ಮಳೆಗಾಲಕ್ಕೂ ಈ ಮಳೆಗಾಲಕ್ಕೂ ಹೋಲಿಸಬೇಕಾದರೆ ಅವಧಿ ಏರಿಸಿ.

ತೊಂದರೆ ಎಲ್ಲಿ ಅಂದರೆ ದೂರದ ಶಾಖೆಗಳಲ್ಲಿ. ಪ್ರೊಮೀಥಿಯಸ್ ತಾನೇ ಹೋಗಿ ಎತ್ತುವ ಜಾತಿಯದ್ದು. ವಿಪಿಎನ್ ಸುರಂಗ (ಎರಡು ಕಚೇರಿಯ ನೆಟ್‌ವರ್ಕ್‌ಗಳನ್ನು ಇಂಟರ್ನೆಟ್ ಮೂಲಕ ಗುಟ್ಟಾಗಿ ಜೋಡಿಸುವ ದಾರಿ) ಇಲ್ಲದೆ ಶಾಖೆಯೊಳಗೆ ಹೋಗಲಾರದು. ಶಾಖೆಯಲ್ಲೇ ಇನ್ನೊಂದು ಪ್ರೊಮೀಥಿಯಸ್ ಇಟ್ಟು ಕೇಂದ್ರಕ್ಕೆ ಕಳಿಸುವ ವ್ಯವಸ್ಥೆ ಇದೆ. ಆದರೆ ಸಂಪರ್ಕ 2 ಗಂಟೆಗಿಂತ ಹೆಚ್ಚು ಕಡಿದರೆ, ಕಳಿಸದೆ ಉಳಿದದ್ದು ಕೇಂದ್ರಕ್ಕೆ ಸಿಗುವುದಿಲ್ಲ. ಜ್ಯಾಬಿಕ್ಸ್‌ನ 30 ದಿನದ ಮುಂದೆ ಇದು ಕಡಿಮೆಯೇ. ಪೂರ್ತಿ ದಾಖಲೆ ಬೇಕೇ ಬೇಕು ಅನ್ನುವ ಸೊಸೈಟಿಗೆ ಇದೊಂದೇ ಕಾರಣ ಸಾಕು ಬೇರೆ ಕಡೆ ನೋಡಲು.

ಅಲರ್ಟ್ ಕಳಿಸಲು ಅಲರ್ಟ್‌ಮ್ಯಾನೇಜರ್, ಪಿಂಗ್ ನೋಡಲು ಬ್ಲ್ಯಾಕ್‌ಬಾಕ್ಸ್ ಎಕ್ಸ್‌ಪೋರ್ಟರ್, ಸ್ವಿಚ್ಚಿಗೆ ಎಸ್‌ಎನ್‌ಎಂಪಿ ಎಕ್ಸ್‌ಪೋರ್ಟರ್, ಚಿತ್ರಕ್ಕೆ ಗ್ರಫಾನಾ. ಎಲ್ಲವೂ ಬೇರೆ ಬೇರೆ ತುಂಡುಗಳು. ಜೋಡಿಸಲು ಬರುವವರಿಗೆ ಖುಷಿ. ಜೋಡಿಸಿದವರು ಕೆಲಸ ಬಿಟ್ಟು ಬೆಂಗಳೂರಿಗೋ ದುಬೈಗೋ ಹೋದರೆ ಉಳಿದವರಿಗೆ ಕಷ್ಟ.

ಉಳಿದವು, ಚಿಕ್ಕದಾಗಿ

ನೆಟ್‌ಡೇಟಾ ಸೆಕೆಂಡಿಗೊಂದು ಅಂಕಿ ಕೊಡುತ್ತದೆ. ಹಾಕಿದ ಕೂಡಲೇ 19999ನೇ ಪೋರ್ಟ್‌ನಲ್ಲಿ ಎಲ್ಲ ಕಾಣುತ್ತದೆ. ಒಂದು ಸರ್ವರ್ ಯಾಕೆ ಒದ್ದಾಡುತ್ತಿದೆ ಅಂತ ಹುಡುಕಲು ಬಹಳ ಒಳ್ಳೆಯದು. ಏಜೆಂಟ್ ಮುಕ್ತ ಸಾಫ್ಟ್‌ವೇರ್ ಆದರೂ ಅದರ ಹೊಸ ಡ್ಯಾಶ್‌ಬೋರ್ಡ್ ಹಾಗಲ್ಲ. ಅದು ಮುಖ್ಯ ಅನ್ನುವವರು ಗಮನಿಸಿ.

ಬೆಸೆಲ್ 2024ರಲ್ಲಿ ಬಂದದ್ದು. ಕೂಮಾದಷ್ಟೇ ಸುಲಭ, ಆದರೆ ಸಿಪಿಯು, ಮೆಮೊರಿ, ಡಿಸ್ಕ್, ಕಂಟೇನರ್‌ಗಳ ಲೆಕ್ಕ ಕೊಡುತ್ತದೆ. ಕೂಮಾದ ಕೊರತೆ ತುಂಬಲು ನನಗೆ ಇಷ್ಟವಾದ ಜೋಡಿ ಇದು. ಎರಡೂ ಸೇರಿದರೂ ಜ್ಯಾಬಿಕ್ಸ್‌ನಷ್ಟು ಭಾರ ಆಗುವುದಿಲ್ಲ.

ಸ್ವಿಚ್, ಆಕ್ಸೆಸ್ ಪಾಯಿಂಟ್‌ಗಳೇ ಜಾಸ್ತಿ ಇರುವ ಕಾಲೇಜು, ಕೇಬಲ್ ಇಂಟರ್ನೆಟ್ ನಡೆಸುವವರಿಗೆ ಲಿಬ್ರೆಎನ್‌ಎಂಎಸ್ ಸರಿ. ಸಾಧನಗಳನ್ನು ತಾನೇ ಹುಡುಕಿಕೊಳ್ಳುತ್ತದೆ. ಸಾಮಾನ್ಯವಾಗಿ 5 ನಿಮಿಷಕ್ಕೊಮ್ಮೆ ವಿಚಾರಿಸುತ್ತದೆ, ಅಷ್ಟು ತಡ ಸಹಿಸಬೇಕು. ನಾಗಿಯೋಸ್ 1999ರಿಂದ ಇದೆ. ಈಗಾಗಲೇ ಅದನ್ನು ನಡೆಸುತ್ತಿರುವವರು ಮುಂದುವರಿಸಿ. ಹೊಸದಾಗಿ ಶುರುಮಾಡುವವರಿಗೆ ನಾನು ಹೇಳುವುದಿಲ್ಲ.

ಯಾವುದನ್ನೇ ಹಾಕಿ, ಇವು ಬಿಡಬೇಡಿ

ಕಾವಲಿನ ಯಂತ್ರವೇ ಸತ್ತರೆ ಯಾರು ಹೇಳುತ್ತಾರೆ? ಅದೇ ಕಟ್ಟಡದಲ್ಲಿ, ಅದೇ ಕರೆಂಟಿನಲ್ಲಿ, ಅದೇ ಫೈಬರ್‌ನಲ್ಲಿ ಅದೂ ಕೂತಿದೆ. ಎಲ್ಲವೂ ಬಿದ್ದಾಗ ಅಲರ್ಟ್ ಬರುವುದಿಲ್ಲ, ಮೌನ ಇರುತ್ತದೆ. ಮೌನವನ್ನು ನಾವು ‘ಎಲ್ಲ ಸರಿ ಇದೆ’ ಅಂತ ಓದಿಕೊಳ್ಳುತ್ತೇವೆ. ಆದ್ದರಿಂದ ಒಳಗಿನ ಯಂತ್ರ ಪ್ರತಿ ನಿಮಿಷ ಹೊರಗಿನ ಒಂದು ಜಾಗಕ್ಕೆ ‘ಬದುಕಿದ್ದೇನೆ’ ಅಂತ ಕರೆ ಮಾಡಲಿ. ಹೊರಗಿನದ್ದು ಬಾಡಿಗೆಯ ಚಿಕ್ಕ ಸರ್ವರ್ ಆಗಬಹುದು, ಸಾರ್ವಜನಿಕ ವಿಳಾಸ ಇರುವ ಮಂಗಳೂರಿನ ಗೆಳೆಯರ ಕಚೇರಿಯ ಕೂಮಾ ಆಗಬಹುದು. ಹೆಲ್ತ್‌ಚೆಕ್ಸ್ ಅನ್ನುವ ಮುಕ್ತ ಸಾಫ್ಟ್‌ವೇರ್ ಇದಕ್ಕೆಂದೇ ಇದೆ. ಕರೆ ನಿಂತರೆ ಹೊರಗಿನದ್ದು ನಿಮಗೆ ಫೋನಿಗೆ ಹೇಳುತ್ತದೆ. ಸಂಪರ್ಕ ಒಳಗಿನಿಂದ ಹೊರಗೆ ಹೋಗುವುದರಿಂದ ಹಂಚಿಕೆಯ ವಿಳಾಸದ ತೊಂದರೆಯೂ ಇಲ್ಲ.

ಶಾಖೆಗಳನ್ನು ಜೋಡಿಸಲು ವೈರ್‌ಗಾರ್ಡ್ ಅನ್ನುವ ವಿಪಿಎನ್ ಬಳಸಿ. 2020ರಿಂದ ಲಿನಕ್ಸ್ ಕರ್ನಲ್‌ನಲ್ಲೇ ಇದೆ. ಎರಡು ತುದಿಯಲ್ಲಿ ಒಂದಕ್ಕಾದರೂ ಸಾರ್ವಜನಿಕ ವಿಳಾಸ ಬೇಕು. ಎರಡಕ್ಕೂ ಇಲ್ಲದಿದ್ದರೆ ಆ ಬಾಡಿಗೆ ಸರ್ವರನ್ನೇ ನಡುವೆ ಇಟ್ಟುಕೊಳ್ಳಿ. ಜೋಡಿಸುವ ಮೊದಲು ವಿಳಾಸ ನೋಡಿ. ರೌಟರ್‌ಗಳು ಅಂಗಡಿಯಿಂದ ಬರುವಾಗ 192.168.1 ಅಥವಾ 192.168.0 ಅಂತಲೇ ಇರುವುದು ಸಾಮಾನ್ಯ. ಎರಡೂ ಕಡೆ ಒಂದೇ ಆದರೆ ಸುರಂಗ ಹಾಕಿದರೂ ಮಾತು ನಡೆಯುವುದಿಲ್ಲ. ಒಂದನ್ನು 192.168.21, ಇನ್ನೊಂದನ್ನು 192.168.22 ಮಾಡಿ. ಡ್ಯಾಶ್‌ಬೋರ್ಡನ್ನು ಪೋರ್ಟ್ ಫಾರ್ವರ್ಡ್ ಮಾಡಿ ಇಂಟರ್ನೆಟ್‌ಗೆ ತೆರೆದಿಡಲೇಬೇಡಿ. ನೋಡ್ ಎಕ್ಸ್‌ಪೋರ್ಟರ್‌ಗಂತೂ ಹಾಕಿದಾಗ ಪಾಸ್‌ವರ್ಡೇ ಇರುವುದಿಲ್ಲ.

ಫೈಬರ್ ಪೆಟ್ಟಿಗೆಗೂ ರೌಟರ್‌ಗೂ ಒಂದು ಚಿಕ್ಕ ಯುಪಿಎಸ್ ಕೊಡಿ. ಸರ್ವರ್‌ಗೆ ಮಾತ್ರ ಕೊಟ್ಟರೆ ಕರೆಂಟು ಹೋದ ಸುದ್ದಿಯೇ ಹೊರಗೆ ಹೋಗುವುದಿಲ್ಲ. ಐದು ನಿಮಿಷಕ್ಕಿಂತ ಕಡಿಮೆಯ ಕಡಿತಕ್ಕೆ ಅಲರ್ಟ್ ಬಾರದಂತೆ ಮರುಪ್ರಯತ್ನದ ಸಂಖ್ಯೆ ಇಡಿ. ಬಹಳ ಮುಖ್ಯವಾದ ಜಾಗವಾದರೆ ಸಿಮ್ ಹಾಕಿದ ಯುಎಸ್‌ಬಿ ಡಾಂಗಲ್ ಒಂದಿರಲಿ. ಗಮ್ಮು ಅನ್ನುವ ಪ್ರೋಗ್ರಾಂ ಇಂಟರ್ನೆಟ್ ಇಲ್ಲದೆಯೂ ಅದರ ಮೂಲಕ ಎಸ್‌ಎಂಎಸ್ ಕಳಿಸುತ್ತದೆ.

ಖರ್ಚು ಮತ್ತು ಆಯ್ಕೆ

ಸಾಫ್ಟ್‌ವೇರ್‌ಗೆ ಹಣ ಇಲ್ಲ. ಖರ್ಚು ಯಂತ್ರಕ್ಕೆ, ಕರೆಂಟಿಗೆ, ಸಮಯಕ್ಕೆ. ಮೂಲೆಯಲ್ಲಿರುವ ಹಳೆಯ ಡೆಸ್ಕ್‌ಟಾಪ್ ಪುಕ್ಕಟೆ ಅನಿಸುತ್ತದೆ. ಆದರೆ ಅದು 60 ವ್ಯಾಟ್ ಎಳೆದರೆ ತಿಂಗಳಿಗೆ 43 ಯೂನಿಟ್ ಆಯಿತು. 10 ವ್ಯಾಟ್‌ನ ಪುಟ್ಟ ಯಂತ್ರಕ್ಕೆ 7 ಯೂನಿಟ್. ಯುಪಿಎಸ್ ಕೂಡ ಅದನ್ನು ಹೆಚ್ಚು ಹೊತ್ತು ಹೊರುತ್ತದೆ. ರಾಸ್ಪ್‌ಬೆರಿ ಪೈ ಆದರೆ ಎಸ್‌ಡಿ ಕಾರ್ಡ್ ಬದಲು ಎಸ್‌ಎಸ್‌ಡಿ ಹಾಕಿ. ಹಗಲು ರಾತ್ರಿ ಬರೆಯುತ್ತಲೇ ಇರುವ ಕೆಲಸಕ್ಕೆ ಕಾರ್ಡ್ ಬಾಳುವುದಿಲ್ಲ.

ಒಂದೇ ಕಟ್ಟಡ, ಒಂದೆರಡು ಸರ್ವರ್, ಒಂದು ಸಿಸಿಟಿವಿ ರೆಕಾರ್ಡರ್ ಇರುವ ಕ್ಲಿನಿಕ್ ಅಥವಾ ಅಂಗಡಿಯವರು ಕೂಮಾ ಹಾಕಿ, ಬ್ಯಾಕಪ್‌ಗೆ ಪುಶ್ ಮಾನಿಟರ್ ಇಟ್ಟು, ಹೊರಗಿನ ಕರೆ ಜೋಡಿಸಿ. ಡಿಸ್ಕ್ ಲೆಕ್ಕವೂ ಬೇಕೆನಿಸಿದರೆ ಬೆಸೆಲ್ ಸೇರಿಸಿ. ಒಂದು ಭಾನುವಾರದ ಕೆಲಸ.

ಮಂಜೇಶ್ವರದಿಂದ ಮುಳ್ಳೇರಿಯಾದವರೆಗೆ ಶಾಖೆಗಳಿರುವ ಸೊಸೈಟಿ ಅಥವಾ ವ್ಯಾಪಾರದವರಿಗೆ ನನ್ನ ಉತ್ತರ ಜ್ಯಾಬಿಕ್ಸ್, ಶಾಖೆಗೊಂದು ಪ್ರಾಕ್ಸಿ. ಕಲಿಯುವ ಕಷ್ಟ ಒಂದು ಸಲ ಮಾತ್ರ. ಕಚೇರಿಯ ಇಬ್ಬರಿಗಾದರೂ ಕಲಿಸಿ.

ಸ್ವಂತ ಸಾಫ್ಟ್‌ವೇರ್ ಬರೆದು ಕಂಟೇನರ್‌ಗಳಲ್ಲಿ ಓಡಿಸುವ ತಂಡವಾದರೆ ಪ್ರೊಮೀಥಿಯಸ್ ಬಿಟ್ಟು ಬೇರೆ ಯೋಚಿಸಬೇಡಿ. ನಿಮ್ಮ ಪ್ರೋಗ್ರಾಂನ ಒಳಗಿನ ಅಂಕಿಗಳನ್ನೂ ಅದರಲ್ಲೇ ನೋಡಬಹುದು. ಒಬ್ಬರೇ ಇದ್ದು, ಎರಡು ಸರ್ವರ್ ಮಾತ್ರ ಇದ್ದರೆ ಅಷ್ಟು ತುಂಡು ಜೋಡಿಸುವ ಗೋಜು ಬೇಡ.

ಇನ್ನೂ ನಿರ್ಧಾರ ಆಗಲಿಲ್ಲವೆಂದರೆ ಕೂಮಾದಿಂದ ಶುರುಮಾಡಿ. ಮುಂದೆ ದೊಡ್ಡದಕ್ಕೆ ಹೋದರೂ ಅದನ್ನು ತೆಗೆಯಬೇಕಾಗಿಲ್ಲ, ದೊಡ್ಡದನ್ನು ಕಾಯುವ ಕೆಲಸಕ್ಕೆ ಅದೇ ಬರುತ್ತದೆ. ಹಾಕಿದ ದಿನವೇ ಮೂರು ಪರೀಕ್ಷೆ ಮಾಡಿ. ಸರ್ವರ್‌ನ ನೆಟ್‌ವರ್ಕ್ ಕೇಬಲ್ ಎಳೆಯಿರಿ. ಫೈಬರ್ ಪೆಟ್ಟಿಗೆ ಆಫ್ ಮಾಡಿ. ಕಾವಲಿನ ಯಂತ್ರವನ್ನೇ ಆಫ್ ಮಾಡಿ. ಮೂರಕ್ಕೂ ಫೋನಿಗೆ ಸುದ್ದಿ ಬಂದರೆ ಮಾತ್ರ ಆ ವ್ಯವಸ್ಥೆಯನ್ನು ನಂಬಿ. ಈ ಪರೀಕ್ಷೆ ಮೇ ತಿಂಗಳೊಳಗೆ ಮುಗಿದಿರಲಿ.